ಪೆಟ್ಟಿಗೆಯಲ್ಲಿ ಇಲ್ಲದ ಕಂಪನಿ

ಹೊಸ ಚಪ್ಪಲಿಯ ವಾಸನೆ ಬೇರೆಯವರಿಗೆ ಶಾಲೆ ಶುರುವಾಗುವ ದಿನಗಳನ್ನು ನೆನಪಿಸುತ್ತದಂತೆ. ನನಗೆ ಮಾತ್ರ ಅದು ಷೇರು ಮಾರುಕಟ್ಟೆಯ ವಾಸನೆ. ನಗಬೇಡಿ, ನಿಧಾನವಾಗಿ ಹೇಳುತ್ತೇನೆ. ಮೊನ್ನೆ ಮೂಡುಬಿದಿರೆಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದೆ. ಅಣ್ಣನ ಮಗಳು ಪ್ರತೀಕ್ಷಾ ಇಲ್ಲಿಯ ಕಾಲೇಜೊಂದರಲ್ಲಿ ಕೆಲಸ ಮಾಡುತ್ತಾ ನನ್ನ ಜೊತೆಗೇ ಇದ್ದಾಳೆ. ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೆಂದು ತಂದ ಚಪ್ಪಲಿಯ ಡಬ್ಬ ಬಿಚ್ಚಿ, ತೆಳು ಕಾಗದ ಸರಿಸಿದಳು ನೋಡಿ, ರಬ್ಬರು, ಅಂಟು, ಎಳೆ ಬಿಸಿಲು ಎಲ್ಲ ಸೇರಿದಂತಹ ಆ ವಾಸನೆ ಎದ್ದು ಬಂತು. ನಾನು ಸೊಪ್ಪನ್ನು ಹಾಗೇ ಹಿಡಿದುಕೊಂಡು ಕಣ್ಣು ಮುಚ್ಚಿದೆ.

"ಎಂತ ಅತ್ತೆ, ತಲೆ ತಿರುಗ್ತದಾ?"

"ಇಲ್ಲ ಮಗಾ, ಸೆನ್ಸೆಕ್ಸ್ ಎಷ್ಟಾಯ್ತು ಅಂತ ನೋಡ್ತಿದ್ದೇನೆ" ಎಂದೆ.

ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನಗೆ ಬಿ.ಸಿ. ರೋಡಿನ ಒಂದು ಷೇರು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಸಿದ್ಧಕಟ್ಟೆಯ ಮೇಲಿಂದ ಹೋಗುವ ಬಸ್ಸು ಹಿಡಿದು, ಕಿಟಕಿಗೆ ತಲೆ ಆನಿಸಿ, ಅರ್ಧ ನಿದ್ದೆ ಅರ್ಧ ಗದ್ದೆ ನೋಡುತ್ತಾ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಹಳೆಯ ಕಟ್ಟಡದ ಮಾಳಿಗೆಯಲ್ಲಿ ನಮ್ಮ ಧಣಿ ಪೈಗಳ ಆಫೀಸು, ಸರಿಯಾಗಿ ಅದರ ಕೆಳಗೆ ಹಸನಾಕನ ಚಪ್ಪಲಿ ಮತ್ತು ಕೊಡೆಯ ಅಂಗಡಿ. ಹಸನಬ್ಬ ಎಂಬುದು ಅವರ ಹೆಸರು. ಇಲ್ಲಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಹಿರಿಯರನ್ನು ಕಾಕ ಎನ್ನುವುದರಿಂದ ಊರಿಗೆಲ್ಲ ಹಸನಾಕ. ಹೊಸ ಚಪ್ಪಲಿಯ ವಾಸನೆ ಅವರ ಅಂಗಡಿಯಿಂದ ಎದ್ದು, ಮೆಟ್ಟಲು ಹತ್ತಿ, ನಮ್ಮ ಬಾಗಿಲು ದಾಟಿ, ಮಧ್ಯಾಹ್ನದ ಹೊತ್ತಿಗೆ ಬಿಸಿಯಾದ ಕಂಪ್ಯೂಟರಿನ ವಾಸನೆಯೊಂದಿಗೆ ಸೇರಿಕೊಳ್ಳುತ್ತಿತ್ತು. ಈಗ ಗೊತ್ತಾಯಿತಲ್ಲ?

ಆಫೀಸಿನಲ್ಲಿ ಎರಡು ಕಂಪ್ಯೂಟರುಗಳಿದ್ದವು. ಷೇರು ಕೊಳ್ಳುವ, ಮಾರುವ ಕಂಪ್ಯೂಟರು ಪೈಗಳದ್ದು. ಅದನ್ನು ಅವರು ದೇವರ ಕೋಣೆಯ ಹಾಗೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇನ್ನೊಂದು ನನ್ನದು. ಅದರಲ್ಲಿ ಏನನ್ನೂ ಕೊಳ್ಳಲಾಗದು, ಮಾರಲಾಗದು, ಹುಡುಕಬಹುದು ಅಷ್ಟೆ. ಹೆಸರಿನ ಮೊದಲ ಎರಡು ಮೂರು ಅಕ್ಷರ ಒತ್ತಿದರೆ ಆ ಅಕ್ಷರಗಳ ಕಂಪನಿಗಳೆಲ್ಲ ಮೇಲಿಂದ ಕೆಳಗೆ ಸಾಲಾಗಿ ನಿಲ್ಲುತ್ತಿದ್ದವು. ಒಂದನ್ನು ಆರಿಸಿದರೆ ಅದು ಏನು ತಯಾರಿಸುತ್ತದೆ, ಮುಖ್ಯ ಕಚೇರಿ ಎಲ್ಲಿ, ನಡೆಸುವವರು ಯಾರು, ಹೋದ ವರ್ಷ ಹೇಗಿತ್ತು, ಇವತ್ತಿನ ದರ ಏನು ಎಂದೆಲ್ಲ ಕಾಣಿಸುತ್ತಿತ್ತು. ಪರದೆಯ ನೆತ್ತಿಯಲ್ಲಿ ಸೂಚ್ಯಂಕಗಳ ಒಂದು ಪಟ್ಟಿ ಮೆಲ್ಲನೆ ಹರಿದುಹೋಗುತ್ತಿತ್ತು: ಮುಂಬೈಯದ್ದು, ಹಾಂಗ್‌ಕಾಂಗಿನದ್ದು, ಟೋಕಿಯೋದ್ದು, ಮಧ್ಯಾಹ್ನದ ಮೇಲೆ ಲಂಡನ್ನಿನದ್ದು. ಕೆಳಗೆ ಬಸ್ಸಿನ ಕಂಡಕ್ಟರು "ಧರ್ಮಸ್ಥಳ, ಧರ್ಮಸ್ಥಳ" ಎಂದು ಕೂಗುವಾಗ ಮೇಲೆ ಟೋಕಿಯೋ ಸ್ವಲ್ಪ ಇಳಿಯುತ್ತಿತ್ತು. ಇವೆರಡಕ್ಕೂ ಏನೋ ಸಂಬಂಧ ಉಂಟು ಎಂದು ನನಗೆ ಆಗೆಲ್ಲ ಅನ್ನಿಸುತ್ತಿತ್ತು.

ಬರುವವರು ಕಂಪನಿಯ ಹೆಸರು ಹೇಳುವುದು ಕಡಿಮೆ. "ಆ ಸೊಳ್ಳೆಬತ್ತಿಯವರದ್ದು ನೋಡಿ", "ಮೊನ್ನೆ ನಾವು ತಿಂದ ಬಿಸ್ಕೆಟು ಯಾರದ್ದು?" ಹೀಗೆ. ಬೆಳ್ತಂಗಡಿ ಕಡೆಯಿಂದ ಬರುತ್ತಿದ್ದ ರಬ್ಬರು ಬೆಳೆಗಾರರೊಬ್ಬರಿಗೆ ಟಯರು ಕಂಪನಿ ಬಿಟ್ಟು ಬೇರೆ ಯಾವುದೂ ಬೇಡ. "ನಮ್ಮ ಮರದ ಹಾಲು ಹೋಗುವುದು ಅಲ್ಲಿಗೆ ಅಲ್ವಾ? ಹೆಣ್ಣು ಕೊಟ್ಟ ಮನೆಯ ಹಾಗೆ ಅದು, ವಿಚಾರಿಸಿಕೊಂಡು ಇರ್ಬೇಕು" ಎನ್ನುತ್ತಿದ್ದರು. ನಾನು ವಿಚಾರಿಸಿ ಹೇಳುತ್ತಿದ್ದೆ. ಒಂದು ವರ್ಷದಲ್ಲಿ ನನಗೆ ಪ್ರಶ್ನೆ ನೋಡುವ ಜೋಯಿಸರ ಗತ್ತು ಬಂದುಬಿಟ್ಟಿತ್ತು. ನನ್ನ ಹೆಸರಿನಲ್ಲಿ ಒಂದೇ ಒಂದು ಷೇರು ಇರಲಿಲ್ಲ ಎಂಬುದು ಬೇರೆ ಮಾತು.

ಊಟದ ನಂತರ ಮಾರುಕಟ್ಟೆ ಮಂಕಾಗುತ್ತಿತ್ತು. ಫ್ಯಾನು ಗರಗರ ಎನ್ನುತ್ತಿತ್ತು, ಪೈಗಳು ಕುಳಿತಲ್ಲೇ ತೂಗುತ್ತಿದ್ದರು. ಆ ಹೊತ್ತು ನನ್ನದು. ಯಾರೂ ಕೇಳದ ಎರಡು ಅಕ್ಷರ ಒತ್ತುವುದು, ಬಂದ ಹೆಸರುಗಳಲ್ಲಿ ಒಂದರೊಳಗೆ ಹೊಕ್ಕುಬಿಡುವುದು. ಎಲ್ಲೋ ಒಂದು ನೂಲಿನ ಗಿರಣಿ, ಎಲ್ಲೋ ಸಮುದ್ರದ ಬದಿಯಲ್ಲಿ ಉಪ್ಪು ಮಾಡುವ ಕಂಪನಿ, ಹೆಸರು ಓದಲೂ ಬಾರದ ಒಂದು ಚಹಾ ತೋಟ. ವಿಳಾಸ ಓದಿದರೆ ಸಾಕು, ಅದರ ಗೇಟು ಕಾಣುತ್ತಿತ್ತು. ಗೇಟಿನ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿ, ಸ್ಟೂಲಿನ ಮೇಲೆ ತೂಕಡಿಸುವ ಕಾವಲುಗಾರ, ಒಳಗೆ ನನ್ನ ಹಾಗೆಯೇ ಬುತ್ತಿ ತೊಳೆದಿಟ್ಟು ಕಿಟಕಿಯ ಹೊರಗೆ ನೋಡುತ್ತಿರುವ ಒಬ್ಬಳು ಹುಡುಗಿ. ಮಂಗಳೂರಿನಿಂದ ಆಚೆ ಹೋಗದ ನಾನು ಹೀಗೆ ದೇಶವೆಲ್ಲ ಸುತ್ತಿದೆ. ಪೈಗಳು ಎಚ್ಚರಾಗಿ, "ಎಂತ ಮಾರಾಯ್ತಿ, ಇವತ್ತು ಎಲ್ಲಿಗೆ ಸವಾರಿ?" ಎಂದು ಕೇಳುತ್ತಿದ್ದರು.

"ಅಸ್ಸಾಮಿಗೆ."

"ಚಾ ಹೊತ್ತಿಗೆ ಬಂದುಬಿಡು."

ಹಸನಾಕನ ವಿಷಯಕ್ಕೆ ಬರುತ್ತೇನೆ. ಬಿಳಿ ಮುಂಡು, ಬಿಳಿ ಟೊಪ್ಪಿ, ಎದೆಯ ಜೇಬಿನಲ್ಲಿ ಕಾಲಿನ ಅಳತೆ ತೆಗೆಯುವ ಒಂದು ಪಟ್ಟಿ. ಅವರು ಮಾತಾಡುವಾಗ ಎದುರಿನವರ ಮುಖ ನೋಡುವುದಕ್ಕಿಂತ ಹೆಚ್ಚು ಕಾಲು ನೋಡುತ್ತಿದ್ದರು. ಷೇರು ಎಂದರೆ ಜೂಜು ಎಂದು ಅವರ ನಂಬಿಕೆ. ಒಂದು ಬಿಡಿಗಾಸೂ ಹಾಕಲಿಲ್ಲ. ಆದರೆ ಹನ್ನೊಂದರ ಚಹಾಕ್ಕೆ ಮೇಲೆ ಬರುವುದನ್ನು ತಪ್ಪಿಸುತ್ತಲೂ ಇರಲಿಲ್ಲ.

"ಬನ್ನಿ ಹಸನಾಕ, ಜೂಜಿನ ಅಡ್ಡೆಗೆ" ಎಂದು ಪೈಗಳು ಕರೆಯುವರು.

"ನನಗೆ ಚಾ ಸಾಕು. ಪಾಪ ಎಲ್ಲ ನಿಮಗೇ ಇರ್ಲಿ."

ಮಾರುಕಟ್ಟೆಯ ಗತಿ ತಿಳಿಯಲು ತನಗೆ ಕಂಪ್ಯೂಟರು ಬೇಡ ಎಂದೂ ಅವರು ಹೇಳುತ್ತಿದ್ದರು. "ಕೆಳಗೆ ಕೂತವನಿಗೆ ಕೇಳ್ತದೆ. ಹತ್ತುವಾಗ ಟಕ್ ಟಕ್, ಇಳಿಯುವಾಗ ಚಪ್ಪಲಿ ಎಳ್ಕೊಂಡು ಬಂದ್ರೆ ಬಿತ್ತು ಅಂತ ಲೆಕ್ಕ. ಅವರು ನನ್ನ ಅಂಗಡಿಗೆ ಸಹ ಬರುವುದಿಲ್ಲ ಮತ್ತೆ."

ಇಷ್ಟಾದರೂ ನನ್ನ ಕಂಪ್ಯೂಟರು ಪೆಟ್ಟಿಗೆಯ ಬಗ್ಗೆ ಅವರಿಗೆ ಒಳಗೊಳಗೇ ಒಂದು ಗೌರವ ಬೆಳೆಯಿತು. ಯಾರು ಯಾವ ಹೆಸರು ಕೇಳಿದರೂ ಅದು ಮುಲಾಜಿಲ್ಲದೆ ಹೇಳಿಬಿಡುತ್ತದಲ್ಲ ಎಂದು. ನಷ್ಟವಾದರೆ ನಷ್ಟ, ಬಾಗಿಲು ಹಾಕಿದ್ದರೆ ಹಾಕಿದೆ. ನಮ್ಮೊಳಗಿನ ಮಾತೆಲ್ಲ ತುಳುವಿನಲ್ಲಿ, ಅವರ ಮನೆಮಾತು ಬ್ಯಾರಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ರುಚಿ ಸ್ವಲ್ಪ ಹೋದರೆ ಕ್ಷಮಿಸಿ.

ಒಂದು ದಿನ ಚಹಾದ ಹೊತ್ತು ಕಳೆದ ಮೇಲೆ ಬಂದರು. ಪೈಗಳು ಊಟಕ್ಕೆ ಹೋಗಿದ್ದರು. ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ಎಳೆದುಕೊಂಡು, "ಮೋಳೇ, ಒಂದು ಕಂಪನಿ ನೋಡ್ಲಿಕ್ಕೆ ಉಂಟು" ಎಂದರು. ಮೋಳೇ ಎಂದರೆ ಮಗಳೇ ಎಂದು.

"ಹಸನಾಕ! ನೀವು ಸಹ ಶುರು ಮಾಡಿದ್ರಾ?"

"ಥೂ, ಅಲ್ಲ. ನಮ್ಮ ಮೈಮೂನಾನ ವಿಷಯ."

ಮೈಮೂನಾ ಅವರ ಕಿರಿಯ ಮಗಳು, ದಿನಾ ಮಧ್ಯಾಹ್ನ ಅಂಗಡಿಗೆ ತಂದೆಯ ಊಟ ತರುವವಳು. ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ಕಲ್ಲಡ್ಕದ ಕಡೆಯವನು, ಶಾರ್ಜಾದಲ್ಲಿ ಸೂಪರ್‌ವೈಸರ್ ಎಂದು ದಲ್ಲಾಳಿ ಹೇಳಿದ್ದ. ಮಸೀದಿಯ ಜಮಾಅತಿನವರು ಮನೆತನ ಒಳ್ಳೆಯದು ಎಂದಿದ್ದರು. ಆದರೆ ಹಸನಾಕನ ತಂಗಿಯ ಮಗಳ ಮದುವೆಯಲ್ಲಿಯೂ ಎಲ್ಲರೂ ಒಳ್ಳೆಯದೇ ಹೇಳಿದ್ದರು. ನಿಕಾಹ್ ಆದ ಮೇಲೆ ನೋಡಿದರೆ ಆ ಹುಡುಗನ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಅವನು ಊರಿಗೆ ಬಂದದ್ದು ರಜೆಯಲ್ಲೇ ಅಲ್ಲ. ಆ ಹುಡುಗಿ ತವರಿನಲ್ಲಿ ಕುಳಿತದ್ದನ್ನು ಹಸನಾಕ ದಿನಾ ನೋಡುತ್ತಿದ್ದರು.

"ಜನ ದಾಕ್ಷಿಣ್ಯಕ್ಕೆ ಹೇಳ್ತಾರೆ ಮೋಳೇ. ಮಿಷನ್‌ಗೆ ಯಾರ ದಾಕ್ಷಿಣ್ಯ? ನೀನು ಒತ್ತು."

ಕಂಪನಿಯ ಹೆಸರು ಇಲ್ಲಿ ಬೇಡ. ಆ ಕಡೆಯ ಎಷ್ಟೋ ಕಂಪನಿಗಳ ಹಾಗೆ ಅಲ್ ಎಂದು ಶುರುವಾಗುತ್ತಿತ್ತು. ನಾನು ಒತ್ತಿದೆ. ಆಲ್ಕೋಹಾಲಿನ ಕಂಪನಿಯೊಂದು ಬಂತು, ಅಲ್ಯೂಮಿನಿಯಮ್ಮಿನ ಪಾತ್ರೆಯವರದ್ದು ಬಂತು. ಪೂರ್ತಿ ಹೆಸರು ಒತ್ತಿದಾಗ ಬೂದು ಬಣ್ಣದ ಸಣ್ಣ ಚೌಕದಲ್ಲಿ, ಅಂಥ ಹೆಸರು ಇಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಹಿಂದೆ ಮುಂದೆ ಮಾಡಿ ನೋಡಿದೆ. ಅದೇ ಬೂದು ಚೌಕ.

"ಇದರಲ್ಲಿ ಇಲ್ಲ ಹಸನಾಕ. ಆದ್ರೆ ಕೇಳಿ, ಇಲ್ಲಿಯ ಮಾರುಕಟ್ಟೆಯಲ್ಲಿ ಷೇರು ಇರುವ ಕಂಪನಿ ಮಾತ್ರ ಇದರಲ್ಲಿ ಇರುವುದು. ಶಾರ್ಜಾದ್ದು ಹೇಗೆ ಬರ್ತದೆ?"

"ಟೋಕಿಯೋ ಬರ್ತದಲ್ಲ?"

"ಅದು ಸೂಚ್ಯಂಕ. ಬರೀ ಅಂಕಿ. ಕಂಪನಿ ಅಲ್ಲ."

"ಬಿಹಾರದ ಬೆಂಕಿಪೆಟ್ಟಿಗೆಯವ ಸಹ ಇದ್ದಾನೆ ಅಂತ ನೀನೇ ಹೇಳಿದ್ದು. ಒಳ್ಳೆಯ ಕಂಪನಿ ಆದ್ರೆ ಎಲ್ಲಾದ್ರೂ ಒಂದು ಮೂಲೆಯಲ್ಲಿ ಹೆಸರು ಬೇಡ್ವಾ?"

ನಾನು ಎಷ್ಟು ಬಿಡಿಸಿ ಹೇಳಿದರೂ ಅವರ ಕಣ್ಣು ಆ ಚೌಕದ ಮೇಲಿಂದ ಕದಲಲಿಲ್ಲ. ಅವರ ಪಾಲಿಗೆ ನನ್ನ ಮಾತು ದಾಕ್ಷಿಣ್ಯದ್ದು, ಚೌಕದ್ದು ಖಂಡಿತದ್ದು. ಪೈಗಳು ಬಂದು ಹೇಳಿದರೂ ಅಷ್ಟೆ. "ಇಲ್ಲ ಅಂದ್ರೆ ಇಲ್ಲ" ಎಂದು ಎದ್ದುಹೋದರು. ಶುಕ್ರವಾರ ನಮಾಜಿನ ಮೇಲೆ ದಲ್ಲಾಳಿ ಉತ್ತರಕ್ಕೆ ಬರುವವನಿದ್ದ.

ಮರುದಿನ ಮಧ್ಯಾಹ್ನ ಮೈಮೂನಾ ಮೇಲೆ ಬಂದಳು. ಕೈಯಲ್ಲಿ ಖಾಲಿ ಬುತ್ತಿ ಕ್ಯಾರಿಯರು. ಎಷ್ಟೋ ಸಲ ಮೆಟ್ಟಲ ಬುಡದಲ್ಲಿ ನಕ್ಕಿದ್ದೇವೆ, ಮಾತಾಡಿದ್ದು ಕಡಿಮೆ. ಬಾಗಿಲಲ್ಲೇ ನಿಂತು, "ಅಕ್ಕ, ನಿಮ್ಮ ಪೆಟ್ಟಿಗೆ ನನ್ನ ಮದುವೆ ಮುರೀತು, ಗೊತ್ತುಂಟಾ?" ಎಂದಳು. ತಮಾಷೆಯ ದನಿ, ಕಣ್ಣು ಮಾತ್ರ ತಮಾಷೆಯದ್ದಲ್ಲ.

"ನಿನಗೆ ಹುಡುಗ ಒಪ್ಪಿಗೆ ಇತ್ತಾ?"

ಅವಳು ಕ್ಯಾರಿಯರಿನ ಹಿಡಿಯನ್ನು ಅತ್ತಿತ್ತ ಮಾಡಿದಳು. ನೋಡಲು ಬಂದ ದಿನ ಅತ್ತಿಗೆ ಶರಬತ್ತು ತರಲು ಒಳಗೆ ಹೋದಾಗ ಆ ಹುಡುಗ, ರಫೀಕ್ ಎಂದು ಹೆಸರು, ತಗ್ಗಿದ ದನಿಯಲ್ಲಿ ಇವಳಿಗೆ ಹೇಳಿದನಂತೆ: ದಲ್ಲಾಳಿ ಸೂಪರ್‌ವೈಸರ್ ಅಂದದ್ದು ಸುಳ್ಳು. ನಾನು ಕ್ರೇನಿನ ಬುಡದಲ್ಲಿ ನಿಂತು ಕೈಸನ್ನೆ ಮಾಡುವವ, ಅಷ್ಟೆ. ನಿಮಗೆ ಗೊತ್ತಿರಲಿ.

"ಮೇಲೆ ಕೂತವನಿಗೆ ಕೆಳಗೆ ಎಂತ ಉಂಟು ಅಂತ ಕಾಣುವುದಿಲ್ಲವಂತೆ ಅಕ್ಕ. ಇವರ ಕೈ ನೋಡಿಯೇ ಇಳಿಸುವುದಂತೆ." ಅವಳು ಕ್ಯಾರಿಯರು ಕೆಳಗಿಟ್ಟು ತೋಳು ಚಾಚಿ, ಅಂಗೈ ನೆಲದ ಕಡೆ ಮಾಡಿ, ಮಲಗಿದ ಮಗುವಿನ ಬೆನ್ನು ತಟ್ಟುವ ಹಾಗೆ ಗಾಳಿಯಲ್ಲಿ ಮೆಲ್ಲಗೆ ಆಡಿಸಿದಳು. "ಹೀಗೆ ಅಂದ್ರೆ ಮೆಲ್ಲ ಇಳಿಸು ಅಂತ."

ಆ ಕೈಯನ್ನು ನೋಡುತ್ತಾ ನನಗೆ ಒಂದು ಕ್ಷಣ ಬಿ.ಸಿ. ರೋಡು ಮರೆಯಿತು. ಎಲ್ಲೋ ಬಿಳಿ ಬಿಸಿಲು, ಆಕಾಶದಲ್ಲಿ ತೂಗುವ ಕಬ್ಬಿಣದ ತೊಲೆ, ಕೆಳಗೆ ತಲೆ ಎತ್ತಿ ನಿಂತ ಒಬ್ಬ, ಅವನ ಒಂದು ಅಂಗೈಯ ಮೇಲೆ ಅಷ್ಟು ಭಾರ. ನನ್ನ ಮಧ್ಯಾಹ್ನದ ಸವಾರಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾವ ಊರೂ ಕಂಡಿರಲಿಲ್ಲ.

"ಇದನ್ನು ಉಪ್ಪನ ಹತ್ರ ಹೇಳು ಮಾರಾಯ್ತಿ!" ಎಂದೆ. ಅವರಲ್ಲಿ ಉಪ್ಪ ಎಂದರೆ ಅಪ್ಪ.

"ಹೇಗೆ ಹೇಳುವುದು? ಹೇಳಿದ್ರೆ, ಸೂಪರ್‌ವೈಸರೂ ಅಲ್ಲ, ಕಂಪನಿಯೂ ಇಲ್ಲ ಅಂತಾಗ್ತದೆ. ಹೇಳದಿದ್ರೆ ಅವರು ಸುಳ್ಳು ಹೇಳುವವರಲ್ಲ ಅಂತ ಉಪ್ಪನಿಗೆ ಹೇಗೆ ಗೊತ್ತಾಗ್ಬೇಕು?"

ಅದು ಹೌದು. ಹುಡುಗ ನಂಬಿಕಸ್ಥ ಎಂಬುದಕ್ಕೆ ಅವಳ ಕೈಯಲ್ಲಿದ್ದ ಒಂದೇ ಸಾಕ್ಷಿ ಅವನನ್ನು ತಿರಸ್ಕರಿಸಲು ಸಾಕಾಗುವ ಸಾಕ್ಷಿಯೂ ಆಗಿತ್ತು. ಅವಳು ಒಳಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಪರದೆ ನೋಡಿದಳು. ಹಾಂಗ್‌ಕಾಂಗ್ ಹೋಯಿತು, ಟೋಕಿಯೋ ಹೋಯಿತು. ಇನ್ನೊಮ್ಮೆ ಹುಡುಕಿ ಎಂದಳು, ಹುಡುಕಿದೆ. ಬೂದು ಚೌಕ.

ಮೆಟ್ಟಲಲ್ಲಿ ಸದ್ದಾಯಿತು. ಮಗಳು ಎಲ್ಲಿ ಹೋದಳೆಂದು ಹಸನಾಕನೇ ಬಂದಿದ್ದರು. ಪರದೆಯ ಮೇಲಿನ ಚೌಕ ನೋಡಿ, "ನೀನು ಸಹ ನೋಡಿದ್ಯಲ್ಲ? ಆಯ್ತು. ಇನ್ನು ಮನೆಗೆ ನಡಿ" ಎಂದರು.

ಮೈಮೂನಾ ಏಳಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕ, ನಮ್ಮ ಅಂಗಡಿಯ ಹೆಸರು ಒತ್ತಿ" ಎಂದಳು.

"ಎಂತ?"

"ಹಸನಬ್ಬ ಫುಟ್‌ವೇರ್. ಒತ್ತಿ ನೋಡುವ."

ಒತ್ತಿದೆ. ಬೂದು ಚೌಕ ಬಂತು. ಮೈಮೂನಾ ಅದನ್ನು ಮೆಲ್ಲಗೆ, ಶಾಲೆಯಲ್ಲಿ ಪಾಠ ಓದುವವಳ ಹಾಗೆ ಓದಿ, ಅರ್ಥ ಹೇಳಿದಳು. "ಉಪ್ಪ, ನೀವು ಸಹ ಇಲ್ಲ."

ಹಸನಾಕ ಪರದೆಯ ಹತ್ತಿರ ಬಗ್ಗಿದರು. ಕನ್ನಡಕ ತೆಗೆದು ಮುಂಡಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಸರಿ ಒತ್ತಿದ್ಯಾ?" ಎಂದು ನನ್ನನ್ನು ಕೇಳಿದರು. ಮತ್ತೊಮ್ಮೆ ಒತ್ತಿದೆ. ಅವರು ಕಿಟಕಿಗೆ ಹೋಗಿ ಕೆಳಗೆ ನೋಡಿದರು. ತಂದೆಯ ಕಾಲದಿಂದ ಇದ್ದ ಅಂಗಡಿ. ಹೊರಗೆ ತೂಗುಹಾಕಿದ ಚಪ್ಪಲಿ ಜೋಡಿಗಳು ಬಸ್ಸಿನ ಗಾಳಿಗೆ ಅಲ್ಲಾಡುತ್ತಿದ್ದವು. ಯಾರೋ ಗಿರಾಕಿ ಮಂಡೆ ಬಗ್ಗಿಸಿ ಒಂದನ್ನು ಮುಟ್ಟಿ ನೋಡುತ್ತಿದ್ದ.

ಅಷ್ಟು ಹೊತ್ತು ಏನೂ ಕೇಳದ ಹಾಗೆ ಕುಳಿತಿದ್ದ ಪೈಗಳು, "ಇಲ್ಲದ ಅಂಗಡಿಯಿಂದ ನಾನು ಹೇಗೆ ಮಾರಾಯ್ರೇ ಚಪ್ಪಲಿ ತಕ್ಕೊಂಡೆ? ಅದು ಆರು ತಿಂಗಳಲ್ಲಿ ಕಿತ್ತುಹೋದದ್ದು ಇದಕ್ಕೇ ಇರ್ಬೇಕು" ಎಂದರು.

"ನೀವು ಬಾಯಿ ಮುಚ್ಚಿ ಪೈಗಳೇ. ನಿಮ್ಮ ನಡೆಯೇ ಸೊಟ್ಟ."

ಅಷ್ಟು ಹೇಳಿ ನಗದೆ, ಕಿಟಕಿಯಿಂದ ಕಣ್ಣು ತೆಗೆಯದೆ, ಹಸನಾಕ ಮಗಳನ್ನು ಕೇಳಿದರು. "ಆ ಹುಡುಗ ನಿನ್ನ ಹತ್ರ ಎಂತಾದ್ರೂ ಮಾತಾಡಿದ್ನಾ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಬ್ಯಾರಿಯಲ್ಲಿ, ವೇಗವಾಗಿ, ಉಸಿರು ಕಟ್ಟಿಕೊಂಡು. ಕ್ರೇನು ಎಂಬ ಒಂದು ಶಬ್ದ ಮಾತ್ರ ಎದ್ದು ಎದ್ದು ಕೇಳುತ್ತಿತ್ತು.

"ಯಾಕೆ ಹೇಳಿದ ಅವ? ಹೇಳದಿದ್ರೆ ನಮಗೆ ಹೇಗೆ ಗೊತ್ತಾಗ್ತಿತ್ತು?"

"ಅದನ್ನೇ ಉಪ್ಪ ನಾನು ಸಹ ಯೋಚನೆ ಮಾಡಿದ್ದು. ಯಾರೂ ಕೇಳ್ಲಿಲ್ಲ. ಅವರಾಗಿ ಹೇಳಿದ್ದು."

ನಾನು ನನ್ನ ಕೀಲಿಮಣೆಯ ಮೇಲಿನ ಧೂಳನ್ನು ಒಂದೊಂದೇ ಅಕ್ಷರದ ಸಂದಿನಿಂದ ಸೆರಗಿನ ತುದಿಯಲ್ಲಿ ಒರೆಸಿದೆ. ಕೊನೆಗೆ ಹಸನಾಕ ಹೇಳಿದರು, "ಶುಕ್ರವಾರ ದಲ್ಲಾಳಿ ಬರುವುದು ಬೇಡ. ಹುಡುಗ ಬರ್ಲಿ. ಅಂಗಡಿಗೆ ಬರ್ಲಿ."

ಶುಕ್ರವಾರ ರಫೀಕ್ ಬಂದ. ನಾನು ಕಿಟಕಿಯಿಂದ ಇಣುಕಿದೆ, ಕಂಡದ್ದು ನೆತ್ತಿ ಮಾತ್ರ. ಹಸನಾಕ ಅವನನ್ನು ಸ್ಟೂಲಿನಲ್ಲಿ ಕೂರಿಸಿ, ಒಂದೂ ಪ್ರಶ್ನೆ ಕೇಳದೆ, ಹೊಸ ಚಪ್ಪಲಿ ಹಾಕಿಸಿ ನೋಡಿದರಂತೆ. ಆಮೇಲೆ ಮೇಲೆ ಬಂದು, "ದಿನವಿಡೀ ನಿಲ್ಲುವವನ ಕಾಲು ಮೋಳೇ. ಬೂಟಿನ ಗುರುತು ಉಂಟು. ಕಂಪನಿ ಉಂಟು" ಎಂದರು. ಕಾಲು ನೋಡಿ ಕಂಪನಿ ಉಂಟು ಎನ್ನುವುದು ಎಷ್ಟು ಸರಿಯೋ ನನಗೆ ತಿಳಿಯದು. ನನ್ನ ಚೌಕ ನೋಡಿ ಇಲ್ಲ ಎಂದದ್ದಕ್ಕಿಂತ ತಪ್ಪೇನಲ್ಲ.

ಮದುವೆಗೆ ಪೈಗಳೂ ನಾನೂ ಹೋಗಿದ್ದೆವು. ಹೆಂಗಸರ ಕೋಣೆಯಲ್ಲಿ ಜರಿಯ ನಡುವೆ ಮುಳುಗಿಹೋಗಿದ್ದ ಮೈಮೂನಾ ದೂರದಿಂದ ನನ್ನನ್ನು ಕಂಡು, ಮದರಂಗಿಯ ಅಂಗೈಯನ್ನು ನೆಲದ ಕಡೆ ಮಾಡಿ ಮೆಲ್ಲಗೆ ಆಡಿಸಿದಳು. ಪಕ್ಕದಲ್ಲಿದ್ದವರು ಕೂತುಕೊಳ್ಳಿ ಎಂದು ಹೇಳುತ್ತಿದ್ದಾಳೆಂದು ತಿಳಿದು ನನಗೆ ಜಾಗ ಮಾಡಿಕೊಟ್ಟರು.

ಆಮೇಲೆ ಎಲ್ಲವೂ ಬದಲಾಯಿತು, ಯಾವಾಗ ಎಂದು ತಿಳಿಯದಷ್ಟು ನಿಧಾನವಾಗಿ. ನಾನು ಅಮ್ಮನ ಆರೈಕೆಗೆಂದು ಕೆಲಸ ಬಿಟ್ಟೆ. ಜನ ತಂತಮ್ಮ ಮೊಬೈಲಿನಲ್ಲೇ ದರ ನೋಡುವಂತಾಗಿ ಪೈಗಳು ಬಾಗಿಲು ಹಾಕಿದರು. ಹಸನಾಕ ತೀರಿಕೊಂಡು ವರ್ಷಗಳಾದವು. ಕೊನೆಗಾಲದಲ್ಲಿ ಅವರ ಕಡೆಯ ಮಂದಿ ಸಂಬಂಧಗಳ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಲು ಬರುತ್ತಿದ್ದರಂತೆ. ಅವರು ಸಂಬಳ ಕೇಳುತ್ತಿರಲಿಲ್ಲ, ಮನೆ ಕೇಳುತ್ತಿರಲಿಲ್ಲ. "ಹುಡುಗ ತನ್ನನ್ನು ಕಡಿಮೆ ಮಾಡಿ ಎಂತಾದ್ರೂ ಹೇಳಿದ್ನಾ?" ಎಂದು ಒಂದೇ ಪ್ರಶ್ನೆ. ಇದನ್ನು ಮೈಮೂನಾಳೇ ನನಗೆ ಫೋನಿನಲ್ಲಿ ಹೇಳಿದ್ದು. ಹೇಳಿ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಪ್ರತೀಕ್ಷಾ ತಂದ ನೀರು ಕುಡಿದು ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಬೆಳ್ತಂಗಡಿಯಿಂದ ಅಣ್ಣನ ಫೋನು. "ನೀನು ಷೇರಿನಲ್ಲಿ ಇದ್ದವಳಲ್ವಾ, ಹುಡುಗನ ಕಂಪನಿ ಹೇಗೆ ಅಂತ ಒಮ್ಮೆ ಹುಡುಕಿ ಹೇಳು. ಸರಿ ಇಲ್ಲದಿದ್ರೆ ಭಾನುವಾರದ್ದು ಬೇಡ ಅಂತ ಇವತ್ತೇ ಹೇಳಿಬಿಡುವ." ಮೊಬೈಲಿನಲ್ಲಿ ಕಂಪನಿಯ ಹೆಸರು ಒತ್ತಿದೆ. ಈಗ ಬೂದು ಚೌಕ ಬರುವುದಿಲ್ಲ. ಕಟ್ಟಡದ ಚಿತ್ರ ಬಂತು, ಹೋಗುವ ದಾರಿ ಬಂತು, ಗುರುತು ಪರಿಚಯ ಇಲ್ಲದವರು ಕೊಟ್ಟ ನಕ್ಷತ್ರಗಳು ಬಂದವು. ಗೇಟಿನ ಮೇಲೆ ಬಳ್ಳಿ ಉಂಟೋ ಇಲ್ಲವೋ ಎಂಬುದನ್ನು ಸಹ ನೋಡಿಬಿಡಬಹುದು, ಊಹಿಸುವ ಕೆಲಸವೇ ಇಲ್ಲ. ಎಲ್ಲ ಓದಿ ಮುಗಿಸಿದ ಮೇಲೆ ಆ ಹುಡುಗನ ಬಗ್ಗೆ ನನಗೆ ಮೊದಲು ಗೊತ್ತಿದ್ದಷ್ಟೇ ಗೊತ್ತಿತ್ತು.

"ಪ್ರತೀಕ್ಷಾ, ನೀನು ಅವನ ಹತ್ರ ಫೋನಿನಲ್ಲಿ ಮಾತಾಡಿದ್ದೀಯಲ್ಲ? ತನ್ನನ್ನು ಕಡಿಮೆ ಮಾಡಿ ಎಂತಾದ್ರೂ ಹೇಳಿದ್ದಾನಾ?"

"ಇದೆಂತ ಪ್ರಶ್ನೆ ಅತ್ತೆ?" ಎಂದಳು. ಆಮೇಲೆ ಯೋಚಿಸಿದಳು. ಯೋಚಿಸುತ್ತಾ ಅವಳ ಮುಖದಲ್ಲಿ ನಗು ಒಂದು ಬದಿಯಿಂದ ಶುರುವಾಯಿತು. "ಅವನಿಗೆ ಈಜ್ಲಿಕ್ಕೆ ಬರುವುದಿಲ್ಲವಂತೆ. ಮನೆ ನೇತ್ರಾವತಿಯ ಬದಿಯಲ್ಲೇ. ಊರಿನ ಮಕ್ಕಳೆಲ್ಲ ನೀರಿಗೆ ಹಾರುವಾಗ ಇವನು ದಡದಲ್ಲಿ ಕೂತು ಎಲ್ಲರ ಅಂಗಿ ಕಾಯ್ತಿದ್ದನಂತೆ. ಈಗ ಸಹ ಹೆದರಿಕೆಯಂತೆ."

"ನೀನು ಕೇಳಿದ್ದಾ?"

"ನಾನ್ಯಾಕೆ ಕೇಳ್ಲಿ? ಅವನಾಗಿ ಹೇಳಿದ್ದು."

ಫೋನು ಮಗುಚಿಟ್ಟು ಬಸಳೆಯ ಬುಟ್ಟಿ ಎತ್ತಿಕೊಂಡು ಎದ್ದೆ. "ಭಾನುವಾರ ಎಷ್ಟು ಜನ ಬರ್ತಾರೆ ಅಂತ ಅಪ್ಪನ ಹತ್ರ ಕೇಳು ಮಗಾ" ಎಂದೆ. "ನೀರುದೋಸೆಗೆ ಅಕ್ಕಿ ನೆನೆ ಹಾಕ್ಲಿಕ್ಕೆ ಉಂಟು."